ಮಿದುಳಿನ ಅಂಚೆಯಾಳುಗಳು

ಪ್ರಾತಃಕಾಲದಲ್ಲಿ ಜಯನಗರದ ಯಾವ ಉದ್ಯಾನವನ್ನು ಹೊಕ್ಕರೂ ವಾಯುಸೇವನೆಗೆ ಬಂದ ಹಿರಿಯರ ಒಂದು ಗುಂಪು ಕಾಣಸಿಗುವುದು. ಅವರಲ್ಲಿ ಕೆಲವರ ನಡಿಗೆ ಬೇರೆಯೇ ಬಗೆಯದು. ಹೆಜ್ಜೆಗಳು ಗಿಡ್ಡ, ನಡೆಯುವಾಗ ಕೈಗಳು ಬೀಸುವುದಿಲ್ಲ, ಬೆಂಚಿನ ಮೇಲೆ ಕುಳಿತರೆ ಹೆಬ್ಬೆರಳು ಕಾಣದ ಜಪಮಣಿಯನ್ನು ಎಣಿಸುತ್ತಿರುವಂತೆ ಅದುರುತ್ತಿರುತ್ತದೆ. ಮನೆಗೆ ಹಿಂದಿರುಗಿ ಹೊಸಲು ದಾಟಬೇಕೆನ್ನುವಷ್ಟರಲ್ಲಿ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುವುದೂ ಉಂಟು. ಸ್ನಾಯುಗಳಿಗೆ ಏನೂ ಆಗಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದಿಲ್ಲ. ಮುಂದಡಿಯಿಡಬೇಕೆಂಬ ಇಚ್ಛೆಗೂ ಕೊರತೆಯಿಲ್ಲ. ಆದರೂ ಕಾಲು ಏಳದು. ಇಚ್ಛೆಗೂ ಕ್ರಿಯೆಗೂ ನಡುವೆ ಎಲ್ಲಿಯೋ ಒಂದು ಸುದ್ದಿ ತಲುಪದೆ ಉಳಿದಿದೆ.

ಇದಕ್ಕೆ ಪಾರ್ಕಿನ್ಸನ್ ಕಾಯಿಲೆಯೆಂದು ಹೆಸರು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಲಕ್ಷಣಗಳನ್ನು ವಿವರಿಸಿ ಒಂದು ಪುಟ್ಟ ಪ್ರಬಂಧವನ್ನು ಬರೆದುದರಿಂದ ಆ ಹೆಸರು ಬಂದಿತು. ನಮ್ಮ ಆಯುರ್ವೇದವು ಇಂತಹ ನಡುಕವನ್ನು ಕಂಪವಾತವೆಂದು ಕರೆದಿದೆ. ತಲುಪದೆ ಉಳಿದ ಸುದ್ದಿ ಯಾವುದು, ಅದನ್ನು ಒಯ್ಯಬೇಕಾಗಿದ್ದವರು ಯಾರು ಎಂಬುದು ತಿಳಿಯಲು ಪಾರ್ಕಿನ್ಸನ್ನನ ಪ್ರಬಂಧವಾದ ಮೇಲೆ 140ಕ್ಕೂ ಹೆಚ್ಚು ವರ್ಷಗಳು ಹಿಡಿದವು. ಆ ಶೋಧದ ದಾರಿಯಲ್ಲಿ ನಮ್ಮ ನಾಡಿನ ಎರಡು ಸಾಮಾನ್ಯ ಸಸ್ಯಗಳಿಗೆ ಸ್ಥಾನವಿದೆಯೆಂಬುದು ಬಹುಮಂದಿಗೆ ತಿಳಿಯದು. ಒಂದು ಸರ್ಪಗಂಧ, ಇನ್ನೊಂದು, ಮುಟ್ಟಿದವರನ್ನು ಮೈತುರಿಕೆಯಿಂದ ಕುಣಿಸುವ ನಸುಗುನ್ನಿ. ಮೊದಲನೆಯದು ಮಿದುಳಿನ ದೂತರನ್ನು ಹೇಗೆ ಬರಿದುಮಾಡಬಹುದೆಂದು ತೋರಿಸಿತು. ಎರಡನೆಯದರ ಬೀಜದಲ್ಲಿ ಅವರನ್ನು ಮತ್ತೆ ತುಂಬಿಕೊಡುವ ದ್ರವ್ಯವಿತ್ತು.

ಒಂದನ್ನೊಂದು ಮುಟ್ಟದ ತಂತಿಗಳು

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಈಗಿನ ಎಣಿಕೆ. ಪ್ರತಿಯೊಂದು ನರಕೋಶಕ್ಕೂ ಮರದ ಕೊಂಬೆಗಳಂತೆ ಹರಡಿದ ಕಿರುಬಾಹುಗಳೂ, ಸುದ್ದಿಯನ್ನು ದೂರಕ್ಕೆ ಒಯ್ಯುವ ಒಂದು ನೀಳವಾದ ತಂತುವೂ ಇರುತ್ತವೆ. ಬೆನ್ನುಹುರಿಯಿಂದ ಕಾಲಿನ ಬೆರಳಿಗೆ ಹೋಗುವ ತಂತು ಒಂದು ಮೀಟರಿನಷ್ಟು ಉದ್ದವಿರಬಹುದು. ಈ ತಂತುವಿನ ಉದ್ದಕ್ಕೂ ಸುದ್ದಿ ಚಲಿಸುವುದು ವಿದ್ಯುತ್ತಿನ ಅಲೆಯಾಗಿ; ಅತಿವೇಗದ ತಂತುಗಳಲ್ಲಿ ಅದರ ವೇಗ ಸೆಕೆಂಡಿಗೆ 100 ಮೀಟರಿಗೂ ಮಿಗಿಲು. ಬಿಸಿ ಲೋಟವನ್ನು ಮುಟ್ಟಿದ ಬೆರಳು, ಸುಟ್ಟಿತೆಂದು ನಾವು ಅರಿಯುವುದಕ್ಕೆ ಮುಂಚೆಯೇ ಹಿಂದಕ್ಕೆ ಸರಿದಿರುವುದು ನರಗಳ ಈ ಚುರುಕಿನಿಂದಲೇ.

ಇಷ್ಟನ್ನು ಕೇಳಿದವರು ಮಿದುಳೆಂದರೆ ಟೆಲಿಫೋನ್ ತಂತಿಗಳ ಒಂದು ದೊಡ್ಡ ಜಾಲವೆಂದು ಭಾವಿಸುವುದು ಸಹಜ. 19ನೆಯ ಶತಮಾನದ ಅನೇಕ ಪಂಡಿತರೂ ಹಾಗೆಯೇ ಭಾವಿಸಿದ್ದರು. ಇಟಲಿಯ ಕಮಿಲೋ ಗಾಲ್ಗಿ ಎಂಬಾತನು ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣ ಹಾಕುವ ವಿಧಾನವನ್ನು ಕಂಡುಹಿಡಿದನು. ಆತನ ದೃಷ್ಟಿಯಲ್ಲಿ ಅವೆಲ್ಲವೂ ಒಂದಕ್ಕೊಂದು ಬೆಸೆದುಕೊಂಡ ಒಂದೇ ಬಲೆ. ಸ್ಪೇನಿನ ಸಾಂಟಿಯಾಗೋ ರಾಮೊನ್ ಇ ಕಹಾಲ್ ಅದೇ ಬಣ್ಣವನ್ನು ಬಳಸಿ, ಸೂಕ್ಷ್ಮದರ್ಶಕದ ಮುಂದೆ ವರ್ಷಗಟ್ಟಲೆ ಕುಳಿತು, ಬೇರೊಂದು ತೀರ್ಮಾನಕ್ಕೆ ಬಂದನು: ಪ್ರತಿಯೊಂದು ನರಕೋಶವೂ ಬಿಡಿಬಿಡಿಯಾದುದು, ಅವು ಹತ್ತಿರ ಬರುತ್ತವೆ, ಒಂದಾಗುವುದಿಲ್ಲ. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಪಾರಿತೋಷಕವನ್ನು ಕೊಡಲಾಯಿತು. ಪಾರಿತೋಷಕವನ್ನು ಹಂಚಿಕೊಂಡರೇ ಹೊರತು ಅವರು ಅಭಿಪ್ರಾಯವನ್ನು ಹಂಚಿಕೊಳ್ಳಲಿಲ್ಲ. ಕಾಲಕ್ರಮದಲ್ಲಿ ಗೆದ್ದುದು ಕಹಾಲನ ಮತವೇ.

ಎರಡು ನರಕೋಶಗಳು ಸಂಧಿಸುವ ಈ ಸ್ಥಾನಕ್ಕೆ ಇಂಗ್ಲೆಂಡಿನ ಶೆರಿಂಗ್ಟನ್ 1897ರಲ್ಲಿ ‘ಸಿನಾಪ್ಸ್’ ಎಂದು ಹೆಸರಿಟ್ಟನು. ಕನ್ನಡದಲ್ಲಿ ಅದನ್ನು ನರಸಂಧಿಯೆನ್ನಬಹುದು. ಅಲ್ಲಿರುವ ಬಿರುಕಿನ ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಭಾಗದಷ್ಟು. ತಲೆಗೂದಲು ಅದಕ್ಕಿಂತ ಸಾವಿರಾರು ಪಾಲು ದಪ್ಪ. ಆದರೆ ವಿದ್ಯುತ್ತಿನ ಅಲೆಗೆ ಅಷ್ಟೇ ಸಾಕು. ದಡಕ್ಕೆ ಬಂದು ನಿಂತುಬಿಡುತ್ತದೆ. ಹಾಗಾದರೆ ಸುದ್ದಿ ಆಚೆಯ ದಡವನ್ನು ಸೇರುವುದು ಹೇಗೆ?

ಕನಸಿನಲ್ಲಿ ಬಂದ ಉತ್ತರ

ಈ ಪ್ರಶ್ನೆಗೆ ಉತ್ತರ ದೊರೆತುದು ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದಲ್ಲಿ, ಒಂದು ಕನಸಿನ ಮೂಲಕ. ಆಟೋ ಲೋವಿ ಎಂಬ ವಿಜ್ಞಾನಿಯು ಒಂದು ರಾತ್ರಿ ಎಚ್ಚೆತ್ತು, ಕನಸಿನಲ್ಲಿ ಹೊಳೆದ ಪ್ರಯೋಗವೊಂದನ್ನು ಚೀಟಿಯ ಮೇಲೆ ಗೀಚಿ ಮತ್ತೆ ಮಲಗಿದನಂತೆ. ಬೆಳಗ್ಗೆ ಎದ್ದು ನೋಡಿದರೆ ತನ್ನ ಬರಹ ತನಗೇ ಓದಲಾಗಲಿಲ್ಲ! ದಿನವಿಡೀ ಪರಿತಪಿಸಿದ ಮೇಲೆ ಮರುರಾತ್ರಿ ಅದೇ ಕನಸು ಮತ್ತೆ ಬಂದಿತು. ಈ ಸಲ ಆತನು ಚೀಟಿಯನ್ನು ನಂಬಲಿಲ್ಲ. ನೇರವಾಗಿ ಪ್ರಯೋಗಶಾಲೆಗೆ ನಡೆದನು.

ಪ್ರಯೋಗವು ಅತಿ ಸರಳವಾದುದು. ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಂತಹ ದ್ರವದಲ್ಲಿ ಮಿಡಿಯುತ್ತಿರುವಂತೆ ಇಡಲಾಯಿತು. ಮೊದಲನೆಯ ಹೃದಯದ ನರವನ್ನು ವಿದ್ಯುತ್ತಿನಿಂದ ಕೆಣಕಿದಾಗ ಅದರ ಮಿಡಿತ ನಿಧಾನವಾಯಿತು. ಇದು ಮೊದಲೇ ತಿಳಿದಿದ್ದ ಸಂಗತಿ. ಲೋವಿಯು ಅದರ ಸುತ್ತಲಿದ್ದ ದ್ರವವನ್ನು ತೆಗೆದು ಎರಡನೆಯ ಹೃದಯಕ್ಕೆ ಹನಿಸಿದನು. ಆ ಹೃದಯದ ನರವನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಅದೂ ನಿಧಾನವಾಯಿತು! ಎಂದರೆ ಮೊದಲನೆಯ ಹೃದಯದ ನರವು ಯಾವುದೋ ಒಂದು ದ್ರವ್ಯವನ್ನು ಸುರಿಸಿತ್ತು. ಸುದ್ದಿಯನ್ನು ಹೊತ್ತುದು ಆ ದ್ರವ್ಯವೇ. 1921ರಲ್ಲಿ ಪ್ರಕಟವಾದ ಈ ಪ್ರಯೋಗವು ನರವಿಜ್ಞಾನದ ದಿಕ್ಕನ್ನೇ ಬದಲಿಸಿತು. ಆ ದ್ರವ್ಯವು ಅಸಿಟೈಲ್‌ಕೋಲೀನ್ ಎಂಬುದು ಮುಂದೆ ಸ್ಥಿರಪಟ್ಟಿತು. 1936ರಲ್ಲಿ ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲನಿಗೂ ನೊಬೆಲ್ ಪಾರಿತೋಷಕ ಸಂದಿತು. ಎರಡೇ ವರ್ಷಗಳಲ್ಲಿ ನಾತ್ಸಿಗಳು ಆಸ್ಟ್ರಿಯಾವನ್ನು ನುಂಗಿದರು. ಯೆಹೂದಿಯಾದ ಲೋವಿಯು ಸೆರೆಮನೆ ಸೇರಿದನು. ಪಾರಿತೋಷಕದ ಹಣವನ್ನೆಲ್ಲ ಅವರಿಗೆ ಬರೆದುಕೊಟ್ಟ ಮೇಲೆಯೇ ಆತನಿಗೆ ದೇಶ ಬಿಟ್ಟು ಹೋಗಲು ಅಪ್ಪಣೆ ದೊರೆಯಿತು.

ಅಂಚೆಯ ಕಟ್ಟಳೆಗಳು

ನರಸಂಧಿಯ ವ್ಯವಹಾರವನ್ನು ನಮ್ಮ ಅಂಚೆಯ ಇಲಾಖೆಗೆ ಹೋಲಿಸಬಹುದು. ಈಚೆಯ ದಡದಲ್ಲಿ, ನರತಂತುವಿನ ತುದಿಯಲ್ಲಿ, ಅತಿ ಸಣ್ಣ ಚೀಲಗಳು ಕಿಕ್ಕಿರಿದು ತುಂಬಿರುತ್ತವೆ. ಒಂದೊಂದು ಚೀಲದಲ್ಲಿಯೂ ದೂತದ್ರವ್ಯದ ಸಾವಿರಾರು ಅಣುಗಳು. ವಿದ್ಯುತ್ತಿನ ಅಲೆಯು ತುದಿಯನ್ನು ಮುಟ್ಟಿದೊಡನೆ ಅಲ್ಲಿ ಬಾಗಿಲುಗಳು ತೆರೆದು ಸುಣ್ಣದ ಅಂಶವಾದ ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಅದೇ ಅಪ್ಪಣೆ. ಚೀಲಗಳು ದಡಕ್ಕೆ ಬಂದು, ಬಾಯಿ ತೆರೆದು, ತಮ್ಮಲ್ಲಿರುವುದನ್ನು ಬಿರುಕಿಗೆ ಸುರಿಯುತ್ತವೆ. ದೂತದ್ರವ್ಯವು ಬಿಡಿ ಹನಿಗಳಾಗಿಯಲ್ಲದೆ ಹೀಗೆ ಗಂಟುಗಂಟಾಗಿಯೇ ಹೊರಬೀಳುವುದೆಂಬುದನ್ನು 1950ರ ದಶಕದಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಕಾಟ್ಸ್ ತೋರಿಸಿಕೊಟ್ಟನು.

ಆಚೆಯ ದಡದಲ್ಲಿ ಗ್ರಾಹಕಗಳೆಂಬ ಬೀಗಗಳಿವೆ. ಒಂದೊಂದು ದೂತದ್ರವ್ಯಕ್ಕೂ ತಕ್ಕ ಬೀಗ ಬೇರೆ ಬೇರೆ. ಕೈಗೆ ಸರಿಹೊಂದುವ ಬೀಗ ಸಿಕ್ಕಿದರೆ ಅದು ತೆರೆದುಕೊಳ್ಳುತ್ತದೆ; ಆಚೆಯ ಕೋಶದಲ್ಲಿ ಹೊಸ ವಿದ್ಯುತ್ತಿನ ಅಲೆಯೇಳುತ್ತದೆ, ಇಲ್ಲವೇ ಏಳಬೇಕಾಗಿದ್ದ ಅಲೆ ಅಡಗುತ್ತದೆ. ವೇಗದ ಸಂಧಿಗಳಲ್ಲಿ ಇಷ್ಟೆಲ್ಲ ನಡೆಯಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ಸಾಕು. ಕೆಲಸ ಮುಗಿದೊಡನೆ ದೂತದ್ರವ್ಯವನ್ನು ಗುಡಿಸಿಹಾಕುವ ಏರ್ಪಾಡೂ ಇದೆ: ಕೆಲವನ್ನು ಕಿಣ್ವಗಳು ತುಂಡರಿಸುತ್ತವೆ, ಕೆಲವನ್ನು ಹೊರಟ ನರವೇ ಹಿಂದಕ್ಕೆ ಹೀರಿಕೊಂಡು ಮತ್ತೆ ಚೀಲಕ್ಕೆ ತುಂಬುತ್ತದೆ. ಹಳೆಯ ಕಾಗದಗಳು ಬಾಗಿಲಲ್ಲಿ ರಾಶಿ ಬಿದ್ದರೆ ಹೊಸ ಕಾಗದ ಬಂದುದು ತಿಳಿಯುವುದೆಂತು? ವಿದ್ಯುತ್ತೇ ನೇರವಾಗಿ ದಾಟುವ ಕೆಲವು ಸಂಧಿಗಳೂ ಮಿದುಳಿನಲ್ಲಿ ಇಲ್ಲದಿಲ್ಲ; ಆದರೆ ಬಹುಪಾಲು ವ್ಯವಹಾರವೆಲ್ಲ ಈ ದ್ರವ್ಯಗಳ ಮೂಲಕವೇ ನಡೆಯುವುದು.

ದೂತರಲ್ಲಿಯೂ ಹಲವು ಜಾತಿಗಳು. ಗ್ಲುಟಮೇಟ್ ಎಂಬುದು ಎದ್ದೇಳಿಸುವ ದೂತ. ಗಾಬಾ ಎಂಬುದು ಸುಮ್ಮನಿರಿಸುವ ದೂತ. ಮಿದುಳಿನ ದಿನನಿತ್ಯದ ವೇಗದ ಕೆಲಸ ಬಹಳಮಟ್ಟಿಗೆ ಇವೆರಡರಿಂದಲೇ ಸಾಗುತ್ತದೆ. ಸೆರೊಟೋನಿನ್, ನಾರ್‌ಅಡ್ರಿನಲಿನ್, ಡೋಪಮೀನ್ ಮೊದಲಾದವು ಸಂಖ್ಯೆಯಲ್ಲಿ ಅಲ್ಪವಾದ ನರಕೋಶಗಳಿಂದ ಹೊರಟರೂ ಮಿದುಳಿನ ಬಹುಭಾಗವನ್ನು ವ್ಯಾಪಿಸಿ, ನಿದ್ದೆ, ಉತ್ಸಾಹ, ಭಯ, ಚಲನೆಗಳ ಶ್ರುತಿಯನ್ನು ಏರಿಸಿ ಇಳಿಸುತ್ತವೆ.

ಈ ಅಂಚೆಯೊಳಗೆ ಹೊರಗಿನ ವಸ್ತು ಕೈಹಾಕಿದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹಗಲಿಡೀ ದುಡಿದ ಮಿದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯವು ಕೂಡುತ್ತಾ ಬಂದು, ತನ್ನ ಬೀಗಗಳನ್ನು ತೆರೆದು, ‘ಇನ್ನು ವಿಶ್ರಮಿಸು’ ಎಂಬ ಸುದ್ದಿಯನ್ನು ಕೊಡುತ್ತದೆ. ಚಿಕ್ಕಮಗಳೂರಿನ ಬೆಟ್ಟಗಳಿಂದ ಇಳಿದುಬಂದು ನಮ್ಮ ಫಿಲ್ಟರಿನಲ್ಲಿ ತೊಟ್ಟಿಕ್ಕುವ ಕಾಫಿಯಲ್ಲಿರುವ ಕೆಫೀನ್, ರೂಪದಲ್ಲಿ ಅಡಿನೋಸಿನ್ನಿನ ದಾಯಾದಿ. ಅದು ಬೀಗದೊಳಕ್ಕೆ ಹೊಕ್ಕು ಕೂರುತ್ತದೆ, ಆದರೆ ಬೀಗವನ್ನು ತೆರೆಯುವುದಿಲ್ಲ. ನಿಜವಾದ ದೂತನು ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತಾನೆ. ದಣಿವು ಹೋಗಿರುವುದಿಲ್ಲ, ದಣಿವಿನ ಸುದ್ದಿ ಮಾತ್ರ ತಡೆಯಲ್ಪಟ್ಟಿರುತ್ತದೆ.

ಕಾಫಿಯು ಮಾಡುವುದು ವಿನೋದವಾದರೆ ನಾಗರಹಾವು ಮಾಡುವುದು ವಿಪತ್ತು. ನರವು ಸ್ನಾಯುವಿಗೆ ಆಜ್ಞೆ ಕೊಡುವುದು ಅಸಿಟೈಲ್‌ಕೋಲೀನಿನ ಮೂಲಕ. ನಾಗರದ ವಿಷದಲ್ಲಿರುವ ಅಂಶವು ಸ್ನಾಯುವಿನ ಬೀಗಗಳನ್ನೇ ಮುಚ್ಚಿಬಿಡುತ್ತದೆ. ಕಟ್ಟುಹಾವಿನ ವಿಷವು ಇನ್ನೂ ಮುಂದೆ ಹೋಗಿ ಈಚೆಯ ದಡದ ಚೀಲಗಳಿರುವ ನರತುದಿಯನ್ನೇ ಹಾಳುಮಾಡುತ್ತದೆ. ಕಚ್ಚಿಸಿಕೊಂಡವನ ಕಣ್ಣೆವೆಗಳು ಮೊದಲು ಜೋಲುತ್ತವೆ. ಆಮೇಲೆ ನುಂಗುವುದು ಕಷ್ಟವಾಗುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳಿಗೇ ಆಜ್ಞೆ ತಲುಪದೆ ಹೋಗುತ್ತದೆ. ವೈದ್ಯರು ಪ್ರತಿವಿಷದೊಂದಿಗೆ ನಿಯೋಸ್ಟಿಗ್ಮಿನ್ ಎಂಬ ಔಷಧವನ್ನೂ ಕೊಡುವುದುಂಟು. ಅದು ಅಸಿಟೈಲ್‌ಕೋಲೀನನ್ನು ಗುಡಿಸಿಹಾಕುವ ಕಿಣ್ವವನ್ನು ತಡೆದು, ದೂತರ ಸಂಖ್ಯೆ ಹೆಚ್ಚುವಂತೆ ಮಾಡುತ್ತದೆ. ದೂತರು ಹೆಚ್ಚಾದರೆ ಉಳಿದ ಬೀಗಗಳಾದರೂ ತೆರೆದಾವು. ನಾಗರದ ಕಡಿತದಲ್ಲಿ ಇದು ನೆರವಾಗುತ್ತದೆ. ನರತುದಿಯೇ ಹಾಳಾಗುವ ಕಟ್ಟುಹಾವಿನ ಕಡಿತದಲ್ಲಿ ಇದರ ಪ್ರಯೋಜನ ಕಡಿಮೆ.

ಸರ್ಪಗಂಧದ ಪಾಠ

ಹಾವಿನ ಕಡಿತಕ್ಕೂ ಬುದ್ಧಿಭ್ರಮಣೆಗೂ ನಮ್ಮ ನಾಟಿವೈದ್ಯರು ಬಹುಕಾಲದಿಂದ ಬಳಸುತ್ತಿದ್ದ ಬೇರೊಂದಿದೆ. ಪಶ್ಚಿಮಘಟ್ಟಗಳ ತೇವದ ನೆರಳಿನಲ್ಲಿ, ಮೊಳಕಾಲೆತ್ತರಕ್ಕೆ ಬೆಳೆದು, ಬಿಳಿಯ ಹೂವುಗಳನ್ನೂ ಕೆಂಪು ತೊಟ್ಟುಗಳನ್ನೂ ಬಿಡುವ ಆ ಗಿಡವೇ ಸರ್ಪಗಂಧ. ಹಾವಿನ ವಿಷಕ್ಕೆ ಅದು ಮದ್ದಲ್ಲ. ಆ ನಂಬಿಕೆ ನಿಲ್ಲಲಿಲ್ಲ. ಬುದ್ಧಿಭ್ರಮಣೆಯ ವಿಚಾರದಲ್ಲಿ ಮಾತ್ರ ಹಳಬರ ಅನುಭವಕ್ಕೆ ತಿರುಳಿತ್ತು.

1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಎಂಬ ವೈದ್ಯರು, ಈ ಬೇರಿನ ಪುಡಿಯು ರಕ್ತದ ಒತ್ತಡವನ್ನು ತಗ್ಗಿಸುವುದೆಂದೂ, ಉದ್ರೇಕಗೊಂಡ ಮನೋರೋಗಿಗಳನ್ನು ಶಾಂತಗೊಳಿಸುವುದೆಂದೂ ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳಲ್ಲಿ ಕಂಡ ಫಲವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಪಾಶ್ಚಾತ್ಯರು ಕಣ್ತೆರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯ ರಸಾಯನಜ್ಞರು ಬೇರಿನ ಸಾರವನ್ನು ಬೇರ್ಪಡಿಸಿ ರೆಸರ್ಪೀನ್ ಎಂದು ಕರೆದರು. 1954ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ನೇಥನ್ ಕ್ಲೈನ್ ತನ್ನ ರೋಗಿಗಳಲ್ಲಿ ಅದರ ಪರಿಣಾಮವನ್ನು ವರದಿ ಮಾಡಿದನು. ಬೆಂಗಳೂರಿನಲ್ಲಿ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಪ್ರಾರಂಭವಾದುದೂ ಅದೇ 1954ರಲ್ಲಿ. ಜಗತ್ತಿನಲ್ಲೆಲ್ಲ ಮನೋರೋಗಕ್ಕೆ ಔಷಧವೆಂಬುದೊಂದು ಇರಬಹುದೆಂಬ ಭರವಸೆ ಮೊದಲ ಬಾರಿಗೆ ಮೂಡುತ್ತಿದ್ದ ಕಾಲವದು.

ಆದರೆ ರೆಸರ್ಪೀನಿಗೆ ಎರಡು ದೋಷಗಳಿದ್ದವು. ಅದನ್ನು ಸೇವಿಸಿದ ಕೆಲವರು ಕಾರಣವಿಲ್ಲದೆ ಖಿನ್ನರಾದರು. ಮತ್ತೆ ಕೆಲವರ ಕೈಕಾಲುಗಳು ಬಿಗಿದು, ಮುಖ ಮರದಂತಾಗಿ, ಬೆರಳು ಅದುರತೊಡಗಿದವು. ಥೇಟು ಪಾರ್ಕಿನ್ಸನ್ ರೋಗಿಗಳಂತೆ. ಔಷಧವನ್ನು ನಿಲ್ಲಿಸಿದರೆ ನಡುಕವೂ ನಿಲ್ಲುತ್ತಿತ್ತು. ಔಷಧದ ದೃಷ್ಟಿಯಿಂದ ಇದು ದೋಷ. ವಿಜ್ಞಾನದ ದೃಷ್ಟಿಯಿಂದ ಇದೊಂದು ಸುಳಿವು. ಆ ಬೇರು ಮಿದುಳಿನಲ್ಲಿ ಏನನ್ನು ಮಾಡುತ್ತಿತ್ತು?

ಮತ್ತೆ ಎದ್ದ ಮೊಲಗಳು

ಉತ್ತರವನ್ನು ಅರಸಿ ಹೊರಟವರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಮುಖ್ಯನಾದವನು. ರೆಸರ್ಪೀನ್ ಕೊಟ್ಟ ಮೊಲಗಳು ಕಿವಿ ಜೋತು, ಕಣ್ಣು ಅರೆಮುಚ್ಚಿ, ಕಲ್ಲಿನಂತೆ ಕುಳಿತುಬಿಡುತ್ತಿದ್ದವು. ಅವುಗಳ ಮಿದುಳಿನಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳು ಬರಿದಾಗಿದ್ದವು. ರೆಸರ್ಪೀನು ನರತುದಿಯ ಚೀಲಗಳಿಗೆ ಸರಕು ತುಂಬುವ ಬಾಗಿಲನ್ನೇ ಮುಚ್ಚಿಬಿಡುತ್ತದೆಂಬುದು ಈಗ ತಿಳಿದಿದೆ. ಕಣಜ ಸೇರದ ಕಾಳು ಅಂಗಳದಲ್ಲಿಯೇ ಹಾಳಾಗುವಂತೆ, ಚೀಲ ಸೇರದ ದೂತದ್ರವ್ಯವು ಕಿಣ್ವಗಳಿಗೆ ಆಹಾರವಾಗುತ್ತದೆ. ಆಮೇಲೆ ವಿದ್ಯುತ್ತಿನ ಅಪ್ಪಣೆ ಎಷ್ಟು ಬಂದರೂ ಕಳುಹಿಸಲು ದೂತರೇ ಇರುವುದಿಲ್ಲ.

ಕಾರ್ಲ್‌ಸನ್ನನು 1957ರಲ್ಲಿ ಆ ಮೊಲಗಳಿಗೆ ಡೋಪಾ ಎಂಬ ದ್ರವ್ಯವನ್ನು ಚುಚ್ಚಿದನು. ದೇಹವು ಡೋಪಮೀನನ್ನೂ, ಅದರಿಂದ ನಾರ್‌ಅಡ್ರಿನಲಿನನ್ನೂ ತಯಾರಿಸುವುದು ಡೋಪಾದಿಂದಲೇ. ಸ್ವಲ್ಪಹೊತ್ತಿನಲ್ಲಿಯೇ ಕಲ್ಲಾಗಿದ್ದ ಮೊಲಗಳು ಕಿವಿ ನಿಮಿರಿಸಿ, ಎದ್ದು, ಓಡಾಡತೊಡಗಿದವು! ಆದರೆ ಮಿದುಳನ್ನು ಪರೀಕ್ಷಿಸಿದಾಗ ನಾರ್‌ಅಡ್ರಿನಲಿನ್ ಮರಳಿ ಬಂದಿರಲಿಲ್ಲ. ಹಾಗಾದರೆ ಮೊಲಗಳನ್ನು ಎಬ್ಬಿಸಿದುದು ಮಧ್ಯದ ಮೆಟ್ಟಿಲಾದ ಡೋಪಮೀನೇ ಇರಬೇಕು. ಅದುವರೆಗೆ ಡೋಪಮೀನೆಂದರೆ ಬೇರೊಂದರ ತಯಾರಿಕೆಯಲ್ಲಿ ನಡುವೆ ಬರುವ ಕಚ್ಚಾಸರಕೆಂದೇ ಎಣಿಕೆ. ಅದು ತಾನೇ ಒಬ್ಬ ದೂತನೆಂದೂ, ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗದಲ್ಲಿ ನೆಲೆಸಿದೆಯೆಂದೂ ಮುಂದಿನ ಎರಡು ವರ್ಷಗಳಲ್ಲಿ ಗೊತ್ತಾಯಿತು. ಹಿರಿಯ ವಿಜ್ಞಾನಿಗಳು ಇದನ್ನು ಕೂಡಲೇ ಒಪ್ಪಲಿಲ್ಲ. ಕಾರ್ಲ್‌ಸನ್ನನಿಗೆ ನೊಬೆಲ್ ಪಾರಿತೋಷಕ ಬಂದುದು 2000ದಲ್ಲಿ, ಆ ಮೊಲಗಳು ಎದ್ದು 43 ವರ್ಷಗಳಾದ ಮೇಲೆ.

ಅಲ್ಲಿಂದ ರೋಗಿಯ ಹಾಸಿಗೆಗೆ ದೂರ ಹೆಚ್ಚಿರಲಿಲ್ಲ. 1960ರಲ್ಲಿ ವಿಯೆನ್ನಾ ನಗರದ ಒಲೆ ಹಾರ್ನಿಕೀವಿಚ್, ಪಾರ್ಕಿನ್ಸನ್ ಕಾಯಿಲೆಯಿಂದ ಸತ್ತವರ ಮಿದುಳುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಡೋಪಮೀನ್ ಬಹಳ ಕುಗ್ಗಿರುವುದನ್ನು ಕಂಡನು. ಮಿದುಳಿನ ಕಾಂಡದಲ್ಲಿ ಕೃಷ್ಣದ್ರವ್ಯವೆಂಬ ಒಂದು ಕಪ್ಪು ಪಟ್ಟಿಯಿದೆ. ಅಲ್ಲಿಯ ಕೋಶಗಳೇ ಚಲನೆಗೆ ಬೇಕಾದ ಡೋಪಮೀನನ್ನು ಒದಗಿಸುವುವು. 8,600 ಕೋಟಿಯ ಮಿದುಳಿನಲ್ಲಿ ಅವುಗಳ ಸಂಖ್ಯೆ ಕೆಲವೇ ಲಕ್ಷ. ಅವು ಒಂದೊಂದಾಗಿ ನಶಿಸಿದಂತೆ ಹೊಸಲು ದಾಟಬೇಕೆಂಬ ಇಚ್ಛೆಯ ಸುದ್ದಿಯು ಕಾಲಿನವರೆಗೆ ಸುಗಮವಾಗಿ ಸಾಗದು. ನಷ್ಟವಾದ ದೂತನನ್ನು ಹೊರಗಿನಿಂದ ತುಂಬಿಕೊಡಬಹುದೇ? ಡೋಪಮೀನನ್ನೇ ಕೊಟ್ಟರೆ ಫಲವಿಲ್ಲ. ರಕ್ತದಿಂದ ಮಿದುಳಿಗೆ ಹೋಗುವ ಸುಂಕದಕಟ್ಟೆಯನ್ನು ಅದು ದಾಟಲಾರದು. ಎಲ್-ಡೋಪಾ ದಾಟಬಲ್ಲದು, ಒಳಕ್ಕೆ ಹೋದ ಮೇಲೆ ಡೋಪಮೀನಾಗಬಲ್ಲದು. 1967ರಲ್ಲಿ ಅಮೆರಿಕದ ಜಾರ್ಜ್ ಕೋಟ್ಸಿಯಾಸ್ ಡೋಪಾವನ್ನು ಬಾಯಿಯ ಮೂಲಕ, ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ ಕೊಟ್ಟು, ವರ್ಷಗಟ್ಟಲೆ ಬಿಗಿದುಕೊಂಡಿದ್ದ ರೋಗಿಗಳು ಎದ್ದು ನಡೆಯುವುದನ್ನು ತೋರಿಸಿದನು. ಇಂದಿಗೂ ಈ ಕಾಯಿಲೆಯ ಚಿಕಿತ್ಸೆಗೆ ಎಲ್-ಡೋಪಾವೇ ಆಧಾರಸ್ತಂಭ.

ತುರಿಕೆಯ ಕಾಯಿಯೊಳಗಿನ ಬೀಜ

ಈಗ ಎರಡನೆಯ ಸಸ್ಯದ ಸರದಿ. ಬೇಲಿಯ ಮೇಲೆ ಹಬ್ಬಿ, ಬಾಗಿದ ಕಾಯಿಗಳ ಮೇಲೆ ಹೊಂಬಣ್ಣದ ರೋಮಗಳನ್ನು ಹೊದ್ದು ತೂಗುವ ನಸುಗುನ್ನಿಯನ್ನು ಹಳ್ಳಿಯಲ್ಲಿ ಬಾಲ್ಯ ಕಳೆದವರು ಮರೆಯಲಾರರು. ಆ ರೋಮಗಳಲ್ಲಿರುವ ಒಂದು ಕಿಣ್ವವು ಚರ್ಮದ ನರತುದಿಗಳನ್ನು ಕೆಣಕಿ ತಡೆಯಲಾಗದ ತುರಿಕೆಯನ್ನು ಎಬ್ಬಿಸುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಕಪಿಕಚ್ಛುವೆಂದೂ ಆತ್ಮಗುಪ್ತೆಯೆಂದೂ ಹೆಸರು. ತನ್ನನ್ನು ತಾನೇ ಕಾಪಾಡಿಕೊಳ್ಳುವವಳು ಎಂಬ ಹೆಸರು ಆ ಬಳ್ಳಿಗೆ ಒಪ್ಪುವಂತಹುದೇ. ಆಯುರ್ವೇದದ ಪಂಡಿತರು ಅದರ ಬೀಜವನ್ನು ಬಲವರ್ಧಕವೆಂದೂ ವಾತಹರವೆಂದೂ ಬಳಸುತ್ತ ಬಂದಿದ್ದಾರೆ.

1937ರಲ್ಲಿ ಮದರಾಸಿನಲ್ಲಿ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ಎಂಬ ಇಬ್ಬರು ರಸಾಯನಜ್ಞರು ಈ ಬೀಜದಿಂದ ಎಲ್-ಡೋಪಾವನ್ನು ಬೇರ್ಪಡಿಸಿ, ಅದರ ವಿವರವನ್ನು ಪ್ರಕಟಿಸಿದರು. ಆಗ ಅದಕ್ಕೆ ರೋಗದ ಸಂಬಂಧವಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಕಾರ್ಲ್‌ಸನ್ನನ ಮೊಲಗಳು ಎದ್ದುದು ಅದಾಗಿ 20 ವರ್ಷಗಳ ಮೇಲೆ. ಬೀಗ ಯಾವುದೆಂದು ತಿಳಿಯುವುದಕ್ಕೆ ಮುಂಚೆಯೇ ಬೀಗದ ಕೈ ಒಂದು ಸೀಸೆಯಲ್ಲಿ ಸಿದ್ಧವಾಗಿ ಕುಳಿತಿತ್ತೆನ್ನಬೇಕು.

ಹಾಗೆಂದು ಬೇಲಿಯ ಬೀಜವನ್ನು ಪುಡಿಮಾಡಿ ಮನೆಯಲ್ಲಿಯೇ ಚಿಕಿತ್ಸೆ ನಡೆಸಬಹುದೆಂದು ಯಾರೂ ತಿಳಿಯಬಾರದು. 2004ರಲ್ಲಿ ಲಂಡನ್ನಿನಲ್ಲಿ ಎಂಟು ಮಂದಿ ರೋಗಿಗಳ ಮೇಲೆ ಕ್ರಮಬದ್ಧವಾದ ಪರೀಕ್ಷೆಯೊಂದು ನಡೆದು, ನಸುಗುನ್ನಿಯ ಪುಡಿಯು ಮಾತ್ರೆಗಿಂತ ಬೇಗ ಕೆಲಸಮಾಡಿದುದು ಕಂಡುಬಂದಿತೆಂಬುದು ನಿಜ. ಆದರೆ ಬೀಜದಿಂದ ಬೀಜಕ್ಕೆ, ತಳಿಯಿಂದ ತಳಿಗೆ ಅದರಲ್ಲಿರುವ ಎಲ್-ಡೋಪಾದ ಪ್ರಮಾಣ ಬೇರೆ. ಹೆಚ್ಚಾದರೆ ವಾಂತಿ, ತಲೆಸುತ್ತು, ಅಂಕೆಮೀರಿದ ಅಂಗಚಲನೆ, ಇಲ್ಲದುದನ್ನು ಕಾಣುವ ಭ್ರಮೆ ಇವೆಲ್ಲ ಸಂಭವಿಸುತ್ತವೆ. ವೈದ್ಯರು ಕೊಟ್ಟ ಮಾತ್ರೆಯ ಜೊತೆಗೆ ಅವರಿಗೆ ತಿಳಿಸದೆ ಪುಡಿಯನ್ನೂ ಸೇವಿಸಿದರೆ ಅಪಾಯ ಇಮ್ಮಡಿ. ಮಾತ್ರೆಯನ್ನು ತಾನಾಗಿಯೇ ಥಟ್ಟನೆ ನಿಲ್ಲಿಸಿಬಿಡುವುದೂ ಅಷ್ಟೇ ಅಪಾಯಕರ. ನರಸಂಧಿಯಲ್ಲಿ ಕೊರತೆಯಂತೆ ಅತಿರೇಕವೂ ರೋಗವೇ.

ಇನ್ನೊಂದು ಮಾತನ್ನೂ ಹೇಳಬೇಕು. ಡೋಪಮೀನ್ ಕಡಿಮೆಯಾದರೆ ಪಾರ್ಕಿನ್ಸನ್ ಎಂಬ ಲೆಕ್ಕ ಬಹುಮಟ್ಟಿಗೆ ಸರಿಹೊಂದಿದಂತೆ, ಸೆರೊಟೋನಿನ್ ಕಡಿಮೆಯಾದರೆ ಖಿನ್ನತೆ ಎಂಬ ಲೆಕ್ಕ ಸರಿಹೊಂದಲಿಲ್ಲ. ಖಿನ್ನತೆಗೆ ಕೊಡುವ ಅನೇಕ ಔಷಧಗಳು ಸೆರೊಟೋನಿನನ್ನು ಸಂಧಿಯಲ್ಲಿ ಹೆಚ್ಚುಹೊತ್ತು ಉಳಿಸುತ್ತವೆ, ಬಹುಮಂದಿಗೆ ಗುಣವೂ ಆಗುತ್ತದೆ. ಆದರೆ ಆ ದ್ರವ್ಯ ಒಂದೆರಡು ದಿನಗಳಲ್ಲಿಯೇ ಹೆಚ್ಚಿದರೂ ಮನಸ್ಸು ತಿಳಿಯಾಗಲು ವಾರಗಳು ಹಿಡಿಯುತ್ತವೆ. ಆದುದರಿಂದ ಮನಸ್ಸಿನ ಬೇನೆಯನ್ನು ಒಂದೇ ದ್ರವ್ಯದ ಕೊರತೆಯೆಂದು ಈಗಿನ ವಿಜ್ಞಾನಿಗಳು ಹೇಳುವುದಿಲ್ಲ. ಬದುಕಿನ ಪೆಟ್ಟು, ವಂಶದ ಗುಣ, ನರಸಂಧಿಗಳ ಬೆಳೆವಣಿಗೆ ಎಲ್ಲವೂ ಅದರಲ್ಲಿ ಹೆಣೆದುಕೊಂಡಿವೆ.

ಹೊಸೂರು ರಸ್ತೆಯ ಭಂಡಾರ

ಸತ್ತವರ ಮಿದುಳುಗಳಿಂದಲ್ಲವೇ ಹಾರ್ನಿಕೀವಿಚ್ ಪಾರ್ಕಿನ್ಸನ್ನಿನ ಗುಟ್ಟನ್ನು ಅರಿತುದು? ಅಂತಹುದೇ ಒಂದು ಭಂಡಾರವು ಜಯನಗರಕ್ಕೆ ಪೂರ್ವದಲ್ಲಿ, ಹೊಸೂರು ರಸ್ತೆಯ ನಿಮ್ಹಾನ್ಸ್ ಆವರಣದಲ್ಲಿದೆ. 1847ರಷ್ಟು ಹಿಂದೆ ಹುಚ್ಚಾಸ್ಪತ್ರೆಯೆಂದು ಆರಂಭವಾದುದನ್ನು 1925ರಲ್ಲಿ ಮೈಸೂರು ಸರ್ಕಾರವು ಮಾನಸಿಕ ಆಸ್ಪತ್ರೆಯೆಂದು ಕರೆದು ಗೌರವಿಸಿತು. ಆ ಆಸ್ಪತ್ರೆಯೂ 1954ರ ಅಖಿಲ ಭಾರತ ಸಂಸ್ಥೆಯೂ 1974ರ ಡಿಸೆಂಬರ್ 27ರಂದು ಒಂದಾಗಿ ನಿಮ್ಹಾನ್ಸ್ ಆಯಿತು. ಇಲ್ಲಿಯ ನರರೋಗನಿದಾನ ವಿಭಾಗದಲ್ಲಿ 1995ರಿಂದ ಮಾನವ ಮಿದುಳಿನ ಬ್ಯಾಂಕೊಂದು ನಡೆಯುತ್ತಿದೆ. ಅದನ್ನು ಕಟ್ಟಿ ಬೆಳೆಸಿದವರು ಡಾಕ್ಟರ್ ಎಸ್. ಕೆ. ಶಂಕರ್. ಹತ್ತಿರದಲ್ಲಿಯೇ ಇರುವ ಮಿದುಳಿನ ವಸ್ತುಸಂಗ್ರಹಾಲಯದಲ್ಲಿ ಶಾಲಾಬಾಲಕರೂ ಗೃಹಿಣಿಯರೂ ಬಂದು, ನಿಜವಾದ ಮಿದುಳನ್ನು ಕೈಯಾರೆ ಮುಟ್ಟಿ ನೋಡಿ ಬೆರಗಾಗುತ್ತಾರೆ.

ಈ ಸಂಸ್ಥೆಯ ಉದಯ ಮುಥಾಣೆ, ಟಿ. ಸಿ. ಯಶಾ ಮತ್ತು ಶಂಕರ್ ಅವರು ಕೂಡಿ, ನರರೋಗವಿಲ್ಲದೆ ತೀರಿಕೊಂಡ ಭಾರತೀಯರ ಮಿದುಳುಗಳಲ್ಲಿ ಕೃಷ್ಣದ್ರವ್ಯದ ಕಪ್ಪು ಕೋಶಗಳನ್ನು ಎಣಿಸಿ 1998ರಲ್ಲಿ ಪ್ರಕಟಿಸಿದ ಫಲಿತಾಂಶ ಸೋಜಿಗದ್ದು. ಭಾರತೀಯರಲ್ಲಿ ಆ ಕೋಶಗಳು ಬ್ರಿಟನ್ನಿನವರಿಗಿಂತ ನೂರಕ್ಕೆ ಸುಮಾರು 40ರಷ್ಟು ಕಡಿಮೆ. ಆದರೆ ಬ್ರಿಟನ್ನಿನವರಲ್ಲಿ ವಯಸ್ಸಾದಂತೆ ಅವು ಕ್ಷಯಿಸುವ ಹಾಗೆ ಇಲ್ಲಿಯವರಲ್ಲಿ ಕ್ಷಯಿಸುವುದು ಕಾಣಲಿಲ್ಲ. 2009ರಲ್ಲಿ ಅದೇ ಸಂಸ್ಥೆಯಿಂದ ಹೊರಬಂದ ಇನ್ನೊಂದು ಅಧ್ಯಯನವೂ ಇದನ್ನು ಬೆಂಬಲಿಸಿತು. ಬಂಡವಾಳ ಚಿಕ್ಕದು, ಆದರೆ ಖರ್ಚು ಹಿತಮಿತವೆಂದು ಇದರ ತಾತ್ಪರ್ಯ. ಈ ಉಳಿತಾಯಕ್ಕೆ ಕಾರಣವೇನೆಂಬುದು ಗೊತ್ತಾದರೆ, ಕೋಶಗಳು ಸತ್ತ ಮೇಲೆ ದೂತರನ್ನು ತುಂಬುವುದಕ್ಕೆ ಬದಲಾಗಿ, ಕೋಶಗಳು ಸಾಯದಂತೆಯೇ ತಡೆಯುವ ದಾರಿ ತೆರೆದೀತು. ಎಲ್-ಡೋಪಾ ಸಾವನ್ನು ತಡೆಯುವುದಿಲ್ಲ. ಕೊರತೆಯನ್ನು ಮರೆಸುತ್ತದೆ, ಅಷ್ಟೇ. ರೋಗಿಯ ಮನೆಯವರು ಗಡಿಯಾರ ನೋಡಿ ಕೊಡುವ ಒಂದೊಂದು ಮಾತ್ರೆಯೂ ಕೆಲವು ಗಂಟೆಗಳ ನಡಿಗೆಯನ್ನು ಕೊಂಡುತರುತ್ತದೆ. ಆ ಗಂಟೆಗಳ ಬೆಲೆ ಏನೆಂಬುದನ್ನು ಅವರೇ ಬಲ್ಲರು.

ಈ ಎಣಿಕೆಯಾಗಲಿ, ಮುಂದೆ ನಡೆಯಬೇಕಾದ ಎಣಿಕೆಗಳಾಗಲಿ, ದುಃಖದ ಗಳಿಗೆಯಲ್ಲಿ ತಮ್ಮವರ ಮಿದುಳನ್ನು ವಿಜ್ಞಾನಕ್ಕೆ ಒಪ್ಪಿಸಿದ ಕುಟುಂಬಗಳಿಲ್ಲದೆ ಸಾಧ್ಯವಾಗದು. ಪ್ರಾಣಿಗಳ ಮಿದುಳು ಸುಲಭವಾಗಿ ದೊರೆಯುತ್ತದೆ. ಮನುಷ್ಯನ ಮಿದುಳನ್ನು ಮನುಷ್ಯನೇ ಕೊಡಬೇಕು. ರೋಗವಿದ್ದವರದಷ್ಟೇ ಅಲ್ಲ, ರೋಗವಿಲ್ಲದವರದೂ ಬೇಕು. ಇಲ್ಲದಿದ್ದರೆ ಹೋಲಿಸುವುದು ಯಾವುದರೊಡನೆ? ಕಣ್ಣನ್ನು ದಾನಮಾಡಿದರೆ ಒಬ್ಬಿಬ್ಬರಿಗೆ ನೋಟ ಬರುವುದು. ಮಿದುಳನ್ನು ದಾನಮಾಡಿದರೆ ಕೂಡಲೇ ಯಾರಿಗೂ ಏನೂ ದೊರೆಯುವುದಿಲ್ಲ. ಆ ದಾನದ ಫಲವನ್ನು ಉಣ್ಣುವವರು ಇನ್ನೂ ಹುಟ್ಟಿಯೇ ಇಲ್ಲದಿರಬಹುದು. ಹಾಗಿದ್ದರೂ ಆ ಫಾರಂಗೆ ಸಹಿ ಹಾಕಿದವರು ಈ ಊರಿನಲ್ಲಿದ್ದಾರೆ.